ದ್ರಾಕ್ಷಿಬಳ್ಳಿಗೆ ಕತ್ತರಿ ಬಿದ್ದ ಚರಿತ್ರೆ

ಕ್ರಿ.ಶ. 2ನೆಯ ಶತಮಾನದಲ್ಲಿ ಗ್ರೀಸ್ ದೇಶವನ್ನು ಊರೂರು ಸುತ್ತಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ ಪೌಸಾನಿಯಸ್ ಎಂಬಾತ ನೌಪ್ಲಿಯ ಎಂಬ ಊರಿನ ವಿಷಯ ಹೇಳುವಾಗ ಒಂದು ಕತ್ತೆಯ ಪ್ರಸ್ತಾಪ ಮಾಡುತ್ತಾನೆ. ಅಲ್ಲಿಯ ಬಂಡೆಯೊಂದರ ಮೇಲೆ ಕತ್ತೆಯ ಆಕೃತಿಯನ್ನು ಕೆತ್ತಿದ್ದರಂತೆ. ಆ ಕತ್ತೆ ಒಂದು ದ್ರಾಕ್ಷಿಬಳ್ಳಿಯ ಕುಡಿಗಳನ್ನು ಮೇಯ್ದುಹಾಕಿತು. ಆಮೇಲೆ ಅದೇ ಬಳ್ಳಿ ಹಿಂದಿಗಿಂತ ಹೆಚ್ಚು ಹಣ್ಣು ಬಿಟ್ಟಿತು. ಬಳ್ಳಿಯನ್ನು ಕತ್ತರಿಸಬೇಕೆಂಬ ಪಾಠವನ್ನು ಜನ ಹಾಗೆ ಕಲಿತರು ಎಂಬುದು ಅಲ್ಲಿಯವರ ನಂಬಿಕೆ. ಕಥೆ ನಿಜವೋ ಕಟ್ಟಿದ್ದೋ, ತನಗೆ ವಿದ್ಯೆ ಕಲಿಸಿದ ಕತ್ತೆಯನ್ನು ಮನುಷ್ಯ ಕಲ್ಲಿನಲ್ಲಿ ಕೆತ್ತಿ ಗೌರವಿಸಿದ್ದು ಮೆಚ್ಚತಕ್ಕ ಸಂಗತಿ. ರೋಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕತ್ತರಿಸದ ಬಳ್ಳಿಯ ರಸವನ್ನು ದೇವರಿಗೆ ಅರ್ಪಿಸಕೂಡದೆಂದು ಅವರ ಪುರಾತನ ದೊರೆ ನ್ಯೂಮಾ ಕಟ್ಟಳೆ ಮಾಡಿದ್ದನೆಂದು ಅವರ ಗ್ರಂಥಗಳು ಹೇಳುತ್ತವೆ. ಸೋಮಾರಿ ರೈತನಿಗೆ ಕತ್ತಿ ಹಿಡಿಸಲು ದೇವರ ಹೆಸರು ಬೇಕಾಯಿತೆಂದು ಕಾಣುತ್ತದೆ.

ಈ ಹಳೆಯ ಸಂಗತಿಗಳನ್ನು ನೆನಪಿಸಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ನಮ್ಮ ಕಾರ್ಯಕ್ರಮಕ್ಕೆ ಬಂದ ಒಂದು ಪತ್ರ. ಬರೆದವಳು ಪ್ರೌಢಶಾಲೆಯ ವಿದ್ಯಾರ್ಥಿನಿ. ಅವರ ಮನೆಯ ಹಿತ್ತಲಿನಲ್ಲಿ ನಾಲ್ಕು ವರ್ಷದ ದ್ರಾಕ್ಷಿಬಳ್ಳಿಯಿದೆ. ಚಪ್ಪರ ತುಂಬಿ ಹಂಚಿನ ಮೇಲೂ ಹಬ್ಬಿದೆ. ನೆರಳಿಗೆ ಕೊರತೆಯಿಲ್ಲ, ಹಣ್ಣು ಮಾತ್ರ ಇಲ್ಲ. ಕತ್ತರಿಸಬೇಕೆಂದು ಯಾರೋ ಹೇಳಿದರು. ಆದರೆ ಅವಳ ಅಜ್ಜಿ ಒಪ್ಪುತ್ತಿಲ್ಲ. ಬೇಸಿಗೆಯಲ್ಲಿ ಕೊಡ ಹೊತ್ತು ನೀರುಣಿಸಿ ಉಳಿಸಿಕೊಂಡ ಹಸಿ ಬಳ್ಳಿಗೆ ಕತ್ತಿ ಹಾಕಿದರೆ ಅದು ಅಳುತ್ತದೆ ಎಂಬುದು ಅಜ್ಜಿಯ ಮಾತು. ಯಾರ ಮಾತು ಸರಿ ಎಂದು ಹುಡುಗಿ ಕೇಳಿದ್ದಾಳೆ.

ಜಗಳೂರು ಮಳೆ ಕಡಿಮೆಯಿರುವ ಸೀಮೆ. ಅಂಥ ಕಡೆ ಒಂದು ಹಸಿರು ಬಳ್ಳಿಗೆ ಎಷ್ಟು ಕೊಡ ನೀರು ಹೋಗಿದೆ ಎಂಬ ಲೆಕ್ಕ ಅಜ್ಜಿಗೆ ಗೊತ್ತು. ಆದ್ದರಿಂದ ಅವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಬಳ್ಳಿ ಅಳುತ್ತದೆ ಎಂಬುದೂ ಒಂದು ರೀತಿಯಲ್ಲಿ ನಿಜವೇ. ಅದನ್ನು ಮುಂದೆ ನೋಡೋಣ. ಮೊದಲು ತಿಳಿಯಬೇಕಾದದ್ದು, ಕತ್ತರಿಸದ ಬಳ್ಳಿ ಏಕೆ ಹಣ್ಣು ಬಿಡುವುದಿಲ್ಲ ಎಂಬುದು.

ದ್ರಾಕ್ಷಿ ಹುಟ್ಟಿನಿಂದ ಕಾಡಿನ ಬಳ್ಳಿ. ದೊಡ್ಡ ಮರವನ್ನು ಹಿಡಿದು ಮೇಲೇರಿ, ಮರದ ನೆತ್ತಿಯ ಮೇಲೆ ಬಿಸಿಲಿಗೆ ಬಂದ ನಂತರವೇ ಹೂಬಿಡುವುದು ಅದರ ಸ್ವಭಾವ. ನೆರಳಿನಲ್ಲಿರುವಷ್ಟು ಕಾಲ ಅದಕ್ಕೆ ಒಂದೇ ಚಿಂತೆ: ಹಿಡಿದುಕೊಳ್ಳುವುದು, ಏರುವುದು. ಹಿಡಿದುಕೊಳ್ಳುವ ಸಾಧನವೇ ಸುರುಳಿ ಸುತ್ತುವ ಕುಡಿಬಳ್ಳಿ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಗಿಡಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ದ್ರಾಕ್ಷಿಯ ಕುಡಿಬಳ್ಳಿಯನ್ನೂ ಹೂಗೊಂಚಲಿನ ತೊಟ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಇವೆರಡೂ ಒಂದೇ ಅಂಗದ ಎರಡು ರೂಪಗಳೆಂದು ತೋರಿಸಿದ. ಅರ್ಧ ಕುಡಿಬಳ್ಳಿ, ಅರ್ಧ ಹೂಗೊಂಚಲು ಆಗಿರುವ ನಡುವಣ ರೂಪಗಳೂ ಆತನಿಗೆ ಸಿಕ್ಕವು. ನಿಮ್ಮ ಹಿತ್ತಲ ಬಳ್ಳಿಯಲ್ಲಿಯೂ ಹುಡುಕಿದರೆ ಸಿಕ್ಕೀತು: ಸುರುಳಿ ಸುತ್ತಿದ ಎಳೆಯ ತುದಿಯಲ್ಲಿ ನಾಲ್ಕೈದು ಕಾಯಿ. 1970ರ ದಶಕದ ಕೊನೆಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಿ. ಶ್ರೀನಿವಾಸನ್ ಮತ್ತು ಎಂ. ಜಿ. ಮಲ್ಲಿನ್ಸ್ ಎಂಬ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಳ್ಳಿಯಿಂದ ಬಿಡಿಸಿದ ಕುಡಿಬಳ್ಳಿಗಳನ್ನು ಗಾಜಿನ ನಳಿಗೆಯಲ್ಲಿಟ್ಟು, ಸೈಟೊಕೈನಿನ್ ಎಂಬ ಸಸ್ಯ ಚೋದಕವನ್ನು ಒದಗಿಸಿ, ಅವು ಹೂಗೊಂಚಲಾಗುವಂತೆ ಮಾಡಿದರು.

ಹಾಗಾದರೆ ಹಿತ್ತಲ ಬಳ್ಳಿಯ ಗೊಂಚಲುಗಳೆಲ್ಲ ಎಲ್ಲಿ ಹೋದವು? ಅವು ಸುರುಳಿಗಳಾಗಿ ಚಪ್ಪರವನ್ನು ಹಿಡಿದು ಕುಳಿತಿವೆ ಎಂಬುದು ಉತ್ತರ. ದ್ರಾಕ್ಷಿಯ ಎಲೆಯ ಬುಡದಲ್ಲಿರುವ ಮೊಗ್ಗಿಗೆ ನಮ್ಮ ರೈತರು ಕಣ್ಣು ಎನ್ನುತ್ತಾರೆ. ಬಲಿತ ಚಿಗುರಿಗೆ ಕಡ್ಡಿ ಎನ್ನುತ್ತಾರೆ. ಈ ಕಣ್ಣಿನೊಳಗೆ, ಅದು ಒಡೆಯುವುದಕ್ಕೆ ತಿಂಗಳುಗಳ ಮುಂಚೆಯೇ, ಒಂದು ಸಣ್ಣ ಅಂಕುರ ಮೂಡುತ್ತದೆ. ಅದು ಗೊಂಚಲಾಗಬೇಕೋ ಸುರುಳಿಯಾಗಬೇಕೋ ಎಂಬುದು ಆಗಲೇ ತೀರ್ಮಾನವಾಗುತ್ತದೆ. ಆ ದಿನಗಳಲ್ಲಿ ಕಣ್ಣಿನ ಮೇಲೆ ಬಿಸಿಲು ಬಿದ್ದು, ಕಡ್ಡಿಯಲ್ಲಿ ಸತ್ವ ಶೇಖರವಾಗಿದ್ದರೆ ಗೊಂಚಲು. ಎಲೆಗಳ ಒತ್ತಿನಲ್ಲಿ ಕಣ್ಣು ಕತ್ತಲೆಯಲ್ಲಿದ್ದರೆ ಸುರುಳಿ. ದೂರದರ್ಶನದ ಕ್ಯಾಮೆರಾ ಎಲ್ಲಿ ಬೇಕಾದರೂ ಹೋಗುತ್ತದೆಂದು ನಮ್ಮ ಹೆಮ್ಮೆ. ಆದರೆ ಈ ಕಣ್ಣಿನೊಳಗೆ ನಡೆಯುವುದನ್ನು ಸೂಕ್ಷ್ಮದರ್ಶಕವಿಲ್ಲದೆ ತೋರಿಸಲಾಗದು. ಇದನ್ನು ಬರಹಕ್ಕೆ ಉಳಿಸಿಕೊಂಡದ್ದು ಅದಕ್ಕಾಗಿಯೇ.

ಇನ್ನೊಂದು ತೊಡಕೂ ಇದೆ. ಕಡ್ಡಿಯ ತುದಿಯ ಕಣ್ಣು ಮೊದಲು ಒಡೆದು, ಕೆಳಗಿನ ಕಣ್ಣುಗಳನ್ನು ತನ್ನ ಚೋದಕದಿಂದ ಅದುಮಿಡುತ್ತದೆ. ಹೀಗಾಗಿ ಬಿಟ್ಟ ಬಳ್ಳಿ ವರ್ಷ ವರ್ಷವೂ ತುದಿಯಲ್ಲೇ ಬೆಳೆದು, ಬುಡ ಬೋಳಾಗಿ, ಚಪ್ಪರದ ಅಂಚಿನಾಚೆಗೆ ಓಡುತ್ತದೆ. ಹಂಚಿನ ಮೇಲೆ ಹತ್ತಿದ್ದು ಹಾಗೆ.

ಚಳಿ ದೇಶಗಳಲ್ಲಿ ಈ ಬಳ್ಳಿಗೆ ಒಂದು ನಿಯಮವಿದೆ. ಬೇಸಿಗೆಯಲ್ಲಿ ಕಣ್ಣು ತನ್ನ ತೀರ್ಮಾನ ಮಾಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಬಳ್ಳಿ ನಿದ್ರಿಸುತ್ತದೆ. ವಸಂತದಲ್ಲಿ ಎಲ್ಲ ಕಣ್ಣುಗಳೂ ಒಟ್ಟಿಗೆ ಎಚ್ಚೆತ್ತು ಗೊಂಚಲು ಹೊರಡಿಸುತ್ತವೆ. ನಿದ್ರೆಯಲ್ಲಿರುವಾಗ ಒಂದು ಸಲ ಕತ್ತರಿಸಿದರೆ ಸಾಕು. ಕಾಶ್ಮೀರದಲ್ಲಿ, ಪಂಜಾಬಿನಲ್ಲಿ ಇಂದಿಗೂ ಅದೇ ಕ್ರಮ. ನಮ್ಮ ಬಯಲುಸೀಮೆಗೆ ಬಂದರೆ ಆ ನಿದ್ರೆಯೇ ಇಲ್ಲ. ಇಲ್ಲಿ ದ್ರಾಕ್ಷಿ ವರ್ಷವಿಡೀ ಹಸಿರು. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಹೇಳುವ ಹಿಮ ಇಲ್ಲದ ಕಡೆ ಆ ಕೆಲಸವನ್ನು ಕತ್ತರಿ ಮಾಡಬೇಕು. ದಕ್ಷಿಣ ಭಾರತದ ದ್ರಾಕ್ಷಿ ಕೃಷಿಯ ಚರಿತ್ರೆಯ ತಿರುಳು ಇಷ್ಟೇ ಎಂದು ನನಗನ್ನಿಸುತ್ತದೆ. ಆದರೆ ಇದನ್ನು ಮೊದಲು ಕಂಡುಕೊಂಡ ತೋಟಿಗನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ರಾಜರು ನೆಡಿಸಿದ ತೋಟಗಳ ವರ್ಣನೆಯುಂಟು, ಪ್ರವಾಸಿಗಳು ತಿಂದ ಹಣ್ಣಿನ ಹೊಗಳಿಕೆಯುಂಟು. ಕತ್ತಿ ಹಿಡಿದ ಕೈಯ ಸುದ್ದಿಯಿಲ್ಲ.

ಹಣ್ಣಿನ ಹೆಸರು ಬಳ್ಳಿಗಿಂತ ಮೊದಲೇ ನಮ್ಮಲ್ಲಿಗೆ ಬಂದಿರಬೇಕು. ಪಾಣಿನಿಯ ವ್ಯಾಕರಣದಲ್ಲಿ ಕಾಪಿಶೀ ಎಂಬ ಊರಿನಿಂದ ಕಾಪಿಶಾಯನ ಎಂಬ ಪದ ಸಾಧಿಸುವ ಸೂತ್ರವಿದೆ. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಾರಸದ ಮದ್ಯಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಕೊಡುತ್ತದೆ. ಕಾಪಿಶೀ ಇದ್ದದ್ದು ಇಂದಿನ ಅಫ್ಘಾನಿಸ್ತಾನದಲ್ಲಿ. ಒಣಗಿದ ದ್ರಾಕ್ಷಿ ಔಷಧದ ಸರಕಾಗಿ ದಕ್ಷಿಣಕ್ಕೆ ಬರುವುದು ಕಷ್ಟವೇನಿರಲಿಲ್ಲ. ಕನ್ನಡ ಐಚ್ಛಿಕ ಓದುವ ವಿದ್ಯಾರ್ಥಿಗಳಿಗೆ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂಬ ಕಾವ್ಯಶೈಲಿಗಳ ಹೆಸರು ಗೊತ್ತಿರುತ್ತದೆ. ಬಾಯಿಗಿಟ್ಟೊಡನೆ ರಸ ಕೊಡುವ ಕಾವ್ಯ ದ್ರಾಕ್ಷಾಪಾಕ. ಈ ಮಾತನ್ನು ಬಳಸಿದವರೆಲ್ಲರೂ ಬಳ್ಳಿಯಿಂದ ಕಿತ್ತ ತಾಜಾ ಹಣ್ಣನ್ನು ತಿಂದಿದ್ದರೇ ಎಂಬುದು ಬೇರೆ ಪ್ರಶ್ನೆ!

ಬಳ್ಳಿಯ ಬಗೆಗಿನ ಗಟ್ಟಿ ಸುಳಿವು ಸಿಗುವುದು 14ನೆಯ ಶತಮಾನದಲ್ಲಿ. ಮಹಮದ್ ಬಿನ್ ತುಘಲಕ್ 1327ರಲ್ಲಿ ದೇವಗಿರಿಯನ್ನು ದೌಲತಾಬಾದ್ ಎಂಬ ಹೆಸರಿನಿಂದ ರಾಜಧಾನಿಯಾಗಿ ಮಾಡಿಕೊಂಡ. ಅದೇ ಸುಲ್ತಾನನ ಆಸ್ಥಾನದಲ್ಲಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳಿವೆ, ಅವು ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆ ಎಂದು ಬರೆದಿದ್ದಾನೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೆಡಿಟರೇನಿಯನ್ ಕಡೆಯ ದ್ರಾಕ್ಷಿಯನ್ನು ನೋಡಿ ಬೆಳೆದ ಮನುಷ್ಯನಿಗೆ ವರ್ಷಕ್ಕೆ ಒಂದೇ ಬೆಳೆ ಗೊತ್ತು. ಎರಡು ಬೆಳೆ ಎಂಬುದು ಆತನಿಗೆ ಬರೆದಿಡತಕ್ಕ ವಿಚಿತ್ರವಾಗಿ ಕಂಡಿದೆ. ನಮ್ಮ ಹವೆಯಲ್ಲಿ ಬಿಟ್ಟ ಬಳ್ಳಿ ಅಲ್ಲೊಂದು ಇಲ್ಲೊಂದು ಗೊಂಚಲು ಬಿಟ್ಟೀತೇ ಹೊರತು ವರ್ಷಕ್ಕೆ ಎರಡು ಬಾರಿ ಕ್ರಮವಾಗಿ ಫಲಿಸಲಾರದು. ಆದ್ದರಿಂದ ದಖ್ಖನಿನ ತೋಟಿಗರು ಆಗಲೇ ಬಳ್ಳಿಯನ್ನು ಎರಡು ಸಲ ಕತ್ತರಿಸುತ್ತಿದ್ದಿರಬೇಕು. ಇದು ನನ್ನ ಊಹೆ; ಇಬ್ನ್ ಬತೂತ ಕತ್ತರಿಯ ವಿಷಯ ಹೇಳಿಲ್ಲ.

ಅಲ್ಲಿಂದ ಸುಮಾರು ಇನ್ನೂರು ವರ್ಷ ದಾಟಿ, ಬಿಳಿಚೋಡಿಗೆ ಹತ್ತಿರದ ಸಾಕ್ಷಿಗೆ ಬರೋಣ. ಜಗಳೂರಿನಿಂದ ಉತ್ತರಕ್ಕೆ ಕೂಡ್ಲಿಗಿ, ಹೊಸಪೇಟೆ ಹಾದು ಹೋದರೆ ಹಂಪಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ತೋಟಗಳನ್ನು ವರ್ಣಿಸುತ್ತ ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆ ಮರಗಳು ಕಾಡಿನಂತೆ ದಟ್ಟವಾಗಿದ್ದುದನ್ನು ಹೇಳಿ, ಬಿಳಿ ದ್ರಾಕ್ಷಿಯೂ ಇತ್ತೆಂದು ಸೇರಿಸುತ್ತಾನೆ. ಬೇಸಿಗೆಯಲ್ಲಿ ಬಂಡೆ ಕಾಯುವ ಆ ಊರಿನಲ್ಲಿ ಕೆರೆಯ ನೀರು ಹರಿಸಿ ದ್ರಾಕ್ಷಿ ಬೆಳೆದಿದ್ದರು. ಅಂದಮೇಲೆ ಜಗಳೂರಿನ ಒಣ ಹವೆ ದ್ರಾಕ್ಷಿಗೆ ಒಗ್ಗದು ಎನ್ನುವಂತಿಲ್ಲ. ಹಣ್ಣು ಮಾಗುವ ಕಾಲದಲ್ಲಿ ದ್ರಾಕ್ಷಿಗೆ ಬೇಕಾದದ್ದೇ ಒಣ ಹವೆ. ಮಳೆಯೇ ಅದರ ಶತ್ರು.

ಮುಂದಿನ ಸಾಕ್ಷಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರ ಮೇ ತಿಂಗಳಲ್ಲಿ, ಹೈದರ್ ಮತ್ತು ಟಿಪ್ಪು ಮಾಡಿಸಿದ ಬೆಂಗಳೂರಿನ ತೋಟಗಳನ್ನು ನೋಡಿದ ಈತ, ಇಲ್ಲಿ ಸೈಪ್ರಸ್ ಮರವೂ ದ್ರಾಕ್ಷಿಬಳ್ಳಿಯೂ ಸೊಂಪಾಗಿ ಬೆಳೆಯುತ್ತವೆ, ಸೇಬು ಮತ್ತು ಪೀಚ್ ಫಲ ಕೊಡುತ್ತವೆ ಎಂದು ದಾಖಲಿಸಿದ. ಗಮನಿಸಿ: ದ್ರಾಕ್ಷಿ ಸೊಂಪಾಗಿ ಬೆಳೆಯುತ್ತದೆ ಎಂದನೇ ವಿನಾ ಫಲದ ಮಾತನ್ನು ಸೇಬು, ಪೀಚ್‌ಗಳಿಗೆ ಮಾತ್ರ ಹೇಳಿದ. ಇದರ ಮೇಲೆ ದೊಡ್ಡ ವಾದ ಕಟ್ಟಲಾಗದು. ಯುದ್ಧದ ನಂತರ ಕತ್ತರಿಸುವವರಿಲ್ಲದೆ ಬಳ್ಳಿಗಳು ಬಿಳಿಚೋಡಿನ ಬಳ್ಳಿಯಂತೆಯೇ ಸೊಂಪಾಗಿದ್ದವೋ ಏನೋ.

ಬೆಂಗಳೂರಿಗೆ ತನ್ನದೇ ದ್ರಾಕ್ಷಿ ದೊರೆತದ್ದು ಬೇರೆ ದಾರಿಯಿಂದ. ಬೆಂಗಳೂರು ನೀಲಿ ಎಂದು ನಾವು ಕರೆಯುವ, ಸಿಪ್ಪೆ ದಪ್ಪ, ಬೀಜವಿರುವ, ಗಮಗಮ ಎನ್ನುವ ಕಪ್ಪು ದ್ರಾಕ್ಷಿ ಪಶ್ಚಿಮ ಏಷ್ಯದ ಜಾತಿಯ ಶುದ್ಧ ಸಂತಾನವಲ್ಲ. ಅದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಇದು ಇಸಬೆಲ್ಲಾ ತಳಿಯ ಬಳಗವೆಂದು ತಜ್ಞರು ಗುರುತಿಸುತ್ತಾರೆ. ನ್ಯೂಯಾರ್ಕಿನ ಬಳಿ ಸಸಿ ವ್ಯಾಪಾರ ಮಾಡುತ್ತಿದ್ದ ವಿಲಿಯಂ ಪ್ರಿನ್ಸ್ ಎಂಬಾತ 1816ರಲ್ಲಿ ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಮನೆಯ ತೋಟದ ಬಳ್ಳಿಯನ್ನು ಪಡೆದು, ಆಕೆಯ ಹೆಸರಿನಲ್ಲಿ ಹರಡಿದ ತಳಿ ಅದು. ಹಿತ್ತಲ ಬಳ್ಳಿಯೊಂದು ಲೋಕ ಸುತ್ತಿದ ಕಥೆ ಇದು. ಇದರ ರಸದ ವಾಸನೆ ಫ್ರೆಂಚರಿಗೆ ಹಿಡಿಸಲಿಲ್ಲ. 1930ರ ದಶಕದಲ್ಲಿ ಅವರು ಇಸಬೆಲ್ಲಾ ತಳಿಯನ್ನು ಕಾನೂನಿನಿಂದಲೇ ನಿಷೇಧಿಸಿದರು. ನಮ್ಮಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರು ಅದರ ಬಂಧುವನ್ನು ಕೈಬಿಡಲಿಲ್ಲ, ಮತ್ತು 2013ರಲ್ಲಿ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ರೋಗವನ್ನು ತಾಳಿಕೊಳ್ಳುವ ಗುಣದಿಂದಾಗಿ ಇದು ಮಳೆಗಾಲದಲ್ಲಿಯೂ ಕೊಳೆಯದೆ ಹಣ್ಣಾಗಬಲ್ಲದು. ಹೀಗಾಗಿ ಬೆಂಗಳೂರಿನ ಸುತ್ತ ವರ್ಷಕ್ಕೆ ಎರಡು ಸಲ ಕತ್ತರಿಸಿ ಎರಡು ಬೆಳೆ ತೆಗೆಯುವ ಪದ್ಧತಿ ನಿಂತಿತು. ಇಬ್ನ್ ಬತೂತ ಕಂಡ ವಿಚಿತ್ರ ಇಲ್ಲಿ ನಿತ್ಯದ ಕೆಲಸ.

ಉತ್ತರ ಕರ್ನಾಟಕದ ದಾರಿ ಬೇರೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಬೆಳೆಯುವುದು ಬೀಜವಿಲ್ಲದ ಥಾಮ್ಸನ್ ಮತ್ತು ಅದರ ಸಂತತಿ. ಇರಾನ್, ತುರ್ಕಿಯ ಹಳೆಯ ಕಿಸ್ಮಿಸ್ ತಳಿಯನ್ನು 1870ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ವಿಲಿಯಂ ಥಾಮ್ಸನ್ ಬೆಳೆದು ಹರಡಿದ್ದರಿಂದ ಅದಕ್ಕೆ ಆ ಹೆಸರು. ಮಹಾರಾಷ್ಟ್ರದ ಮೂಲಕ ಅದು ನಮ್ಮಲ್ಲಿ ಬೇರೂರಿತು. ಬಳ್ಳಿಯೊಂದಿಗೆ ಮಾತೂ ಬಂತು: ಮರಾಠಿಯ ಛಾಟಣಿ ವಿಜಯಪುರದ ಕನ್ನಡದಲ್ಲಿ ಚಾಟ್ನಿಯಾಯಿತು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದರೆ ಅಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಈ ಸೂಕ್ಷ್ಮ ತಳಿಯ ಹಣ್ಣು ಮಳೆಗೆ ಸಿಕ್ಕರೆ ಉಳಿಯದು. ಆದ್ದರಿಂದ ಅಲ್ಲಿ ಕತ್ತರಿ ಎರಡು, ಬೆಳೆ ಒಂದೇ. ಏಪ್ರಿಲಿನಲ್ಲಿ, ಹಣ್ಣು ಕೊಯ್ದಾದ ಮೇಲೆ, ಕಡ್ಡಿಗಳನ್ನು ಒಂದೆರಡು ಕಣ್ಣಿಗೆ ಇಳಿಸಿ ಕತ್ತರಿಸುತ್ತಾರೆ. ಇದು ಹಣ್ಣಿಗಾಗಿ ಅಲ್ಲ, ಹೊಸ ಕಡ್ಡಿಗಾಗಿ. ಆ ಹೊಸ ಕಡ್ಡಿಯ ಕಣ್ಣುಗಳಲ್ಲಿ ಕತ್ತರಿಸಿದ ಸುಮಾರು 40ರಿಂದ 60 ದಿನಗಳ ನಡುವೆ, ಮೇ–ಜೂನ್‌ನ ಪ್ರಖರ ಬಿಸಿಲಿನಲ್ಲಿ, ಗೊಂಚಲಿನ ತೀರ್ಮಾನ ನಡೆಯುತ್ತದೆ. ಆಗ ಮೋಡ ಕವಿದರೆ ಮುಂದಿನ ಫೆಬ್ರವರಿಯ ಗೊಂಚಲು ಕಡಿಮೆಯಾಗುತ್ತದೆ. ಅಕ್ಟೋಬರಿನಲ್ಲಿ ಅದೇ ಕಡ್ಡಿಯನ್ನು ಉದ್ದವಾಗಿ ಬಿಟ್ಟು ತುದಿ ಕತ್ತರಿಸಿದರೆ, ಕಣ್ಣು ಒಡೆದು ಗೊಂಚಲು ಹೊರಬರುತ್ತದೆ. ಬೇಸಿಗೆಯ ಮಳೆಗೆ ಮೊದಲೇ ಹಣ್ಣು ಕೈಗೆ ಸಿಗುತ್ತದೆ. ಏಪ್ರಿಲಿನ ಕತ್ತರಿ ವಸಂತ, ಅಕ್ಟೋಬರಿನದು ಇನ್ನೊಂದು ವಸಂತ. ನಡುವಿನ ಚಳಿಗಾಲವನ್ನು ರೈತ ತನ್ನ ಕೈಯಾರೆ ತಂದುಕೊಂಡ.

ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಎರಡು ಪರಂಪರೆಗಳನ್ನು ಕೂಡಿಸಲು ಯತ್ನಿಸಿತು. ಬೆಂಗಳೂರು ನೀಲಿಯನ್ನು ಹೈದರಾಬಾದಿನ ಅನಾಬ್-ಎ-ಶಾಹಿಯೊಡನೆ ಸಂಕರಿಸಿದ್ದು ಅರ್ಕಾ ಹಂಸ. ಬ್ಲಾಕ್ ಚಂಪಾ ತಳಿಯನ್ನು ಥಾಮ್ಸನ್‌ನೊಡನೆ ಸಂಕರಿಸಿದ್ದು ಅರ್ಕಾವತಿ.

ಇನ್ನು ಅಜ್ಜಿಯ ಮಾತು. ಬಳ್ಳಿಯಲ್ಲಿ ಜೀವರಸ ಏರುವ ಕಾಲದಲ್ಲಿ ಕತ್ತರಿಸಿದರೆ ಕತ್ತರಿಸಿದ ತುದಿಯಲ್ಲಿ ನೀರು ಹನಿಹನಿಯಾಗಿ ಒಸರುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಫ್ರೆಂಚ್ ರೈತರು ಇದಕ್ಕೆ ಬಳ್ಳಿಯ ಕಣ್ಣೀರು ಎಂದೇ ಹೇಳುತ್ತಾರೆ. ಲಂಡನ್ನಿನ ಬಳಿಯ ಟೆಡಿಂಗ್ಟನ್ನಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಎಂಬಾತನಿಗೂ ಇದೇ ಭಯ ಕಾಡಿತು. ಕಾಲ ಮೀರಿ ಕತ್ತರಿಸಿದ ಬಳ್ಳಿ ರಸ ಸೋರಿ ಸಾಯುತ್ತದೆಂದು ಹೆದರಿ, ಗಾಯದ ಮೇಲೆ ಪ್ರಾಣಿಯ ಮೂತ್ರಕೋಶದ ಚರ್ಮವನ್ನು ಬಿಗಿದು ಕಟ್ಟಿದ. ಸ್ವಲ್ಪ ಹೊತ್ತಿನಲ್ಲಿ ಆ ಚರ್ಮ ಉಬ್ಬಿ ನಿಂತಿತು. ಒಳಗಿಂದ ಏನೋ ಬಲವಾಗಿ ತಳ್ಳುತ್ತಿದೆ ಎಂದು ಆತನಿಗೆ ಹೊಳೆಯಿತು. ಚರ್ಮ ತೆಗೆದು ಗಾಜಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ ಅಳೆದ. ರಸ 21 ಅಡಿ ಮೇಲೇರಿತು. 1727ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಈ ಪ್ರಯೋಗವಿದೆ. ಸಸ್ಯಶಾಸ್ತ್ರದ ಪಠ್ಯದಲ್ಲಿ ನೀವು ಓದುವ ಬೇರಿನ ಒತ್ತಡದ ಪಾಠ ಅಲ್ಲಿಂದ ಆರಂಭ. ಒಸರುವುದು ಬಹುಪಾಲು ನೀರೇ. ಅದರಿಂದ ಬಳ್ಳಿ ಸಾಯುವುದಿಲ್ಲ. ಬೇರು ಜೀವಂತವಾಗಿದೆ, ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಗುರುತು. ಅಜ್ಜಿ ಕಂಡದ್ದು ನಿಜ. ಹೇಲ್ಸ್ ಕೂಡ ಮೊದಲು ಅದನ್ನೇ ಕಂಡ.

ಬಿಳಿಚೋಡಿನ ಹಿತ್ತಲಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ನಾಲ್ಕು ವರ್ಷ ಕತ್ತರಿ ಕಾಣದ ಬಳ್ಳಿಯಾದ್ದರಿಂದ ಮೊದಲ ಏಪ್ರಿಲಿನಲ್ಲಿ ಧೈರ್ಯ ಬೇಕು. ನೆಟ್ಟಗಿರುವ ಒಂದು ಕಾಂಡ, ಚಪ್ಪರದ ಮೇಲೆ ಎರಡೋ ನಾಲ್ಕೋ ತೋಳು, ತೋಳಿನ ಮೇಲೆ ಗೇಣಿಗೊಂದರಂತೆ ಒಂದೆರಡು ಕಣ್ಣಿನ ಮೋಟು. ಉಳಿದದ್ದೆಲ್ಲ ತೆಗೆಯಬೇಕು. ಬರುವ ಚಿಗುರುಗಳಲ್ಲಿ ಒತ್ತಾದವನ್ನು ಕಿತ್ತು, ಪ್ರತಿ ಕಡ್ಡಿಗೂ ಬಿಸಿಲು ಬೀಳುವಂತೆ ಚಪ್ಪರದ ಮೇಲೆ ಹರಡಬೇಕು. ಜಗಳೂರಿನ ಕಡೆ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಆದ್ದರಿಂದ ಎರಡನೆಯ ಕತ್ತರಿಗೆ ಕ್ಯಾಲೆಂಡರ್ ನೋಡದೆ ಆಕಾಶ ನೋಡುವುದು ಮೇಲು. ಎಳೆ ಚಿಗುರು ಮಳೆಗೆ ಸಿಕ್ಕರೆ ಬೂಜುರೋಗ ಖಂಡಿತ. ಬೆಂಗಳೂರು ನೀಲಿಯಾದರೆ ಐದಾರು ಕಣ್ಣು ಬಿಟ್ಟು ಕತ್ತರಿಸಿದರೆ ಸಾಕು. ಥಾಮ್ಸನ್ ಆದರೆ ಬುಡದ ಕಣ್ಣುಗಳು ಬಂಜೆ, ಹತ್ತರವರೆಗೆ ಬಿಡಬೇಕು. ಯಾವ ತಳಿಯೆಂದು ತಿಳಿಯದಿದ್ದರೆ ಕೆಲವು ಕಡ್ಡಿ ಗಿಡ್ಡ, ಕೆಲವು ಉದ್ದ ಬಿಟ್ಟು ನೋಡಿ, ಯಾವ ಕಣ್ಣಿನಿಂದ ಗೊಂಚಲು ಬಂತೆಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ದೊಡ್ಡ ತೋಟಗಳಲ್ಲಿ ಕಣ್ಣುಗಳನ್ನು ಒಟ್ಟಿಗೆ ಎಬ್ಬಿಸಲು ಬಳಿಯುವ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ವಿಷಕಾರಿ. ಮನೆಯ ಬಳ್ಳಿಗೆ ಅದು ಬೇಡವೇ ಬೇಡ.

ಕತ್ತರಿಸಿದ ದಪ್ಪ ಗಾಯಗಳಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಹಚ್ಚಬೇಕು. ಇದು ಕೂಡ ದ್ರಾಕ್ಷಿ ಕೊಟ್ಟ ಔಷಧವೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ರೈತರು ಈ ನೀಲಿ ಮಿಶ್ರಣವನ್ನು ಎರಚುತ್ತಿದ್ದರು. ಊರೆಲ್ಲ ಬೂಜುರೋಗದಿಂದ ಎಲೆ ಉದುರಿದಾಗ ರಸ್ತೆಬದಿಯ ಆ ಸಾಲುಗಳು ಮಾತ್ರ ಹಸಿರಾಗಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, 1885ರಲ್ಲಿ ಔಷಧವನ್ನು ಪ್ರಕಟಿಸಿದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಜಗಳೂರಿನವರು ತಮ್ಮದೇ ಜಿಲ್ಲೆಯ ಚನ್ನಗಿರಿಯ ಕಡೆ ಹೋಗಿ, ಅಲ್ಲಿಂದಾಚೆ ಮಲೆನಾಡಿನವರೆಗೂ ಯಾವ ಅಡಿಕೆ ಬೆಳೆಗಾರರನ್ನು ಕೇಳಿದರೂ ಮೈಲುತುತ್ತ, ಸುಣ್ಣ ಬೆರೆಸುವ ಕ್ರಮವನ್ನು ಹೇಳಿಕೊಡುತ್ತಾರೆ: ತಲಾ ಒಂದು ಕಿಲೋ, ನೂರು ಲೀಟರ್ ನೀರಿಗೆ.